ಸಂಚಿ ಹಿಡಿದವರು



ಚಿತ್ರದುರ್ಗದಿಂದ ದಾವಣಗೆರೆಯ ಕಡೆಗೆ ಹೆದ್ದಾರಿ ಹಿಡಿದು ಹೊರಟವನಿಗೆ ಭರಮಸಾಗರವೆಂಬ ಈ ಊರು ತನ್ನ ಕೆರೆಯಿಂದಲೇ ಮೊದಲು ಪರಿಚಿತವಾಗುತ್ತದೆ. 1689ರಿಂದ 1721ರ ವರೆಗೆ ದುರ್ಗವನ್ನಾಳಿದ ಭರಮಣ್ಣ ನಾಯಕನ ಹೆಸರು ಊರಿಗೆ ಅಂಟಿ ಮುನ್ನೂರು ವರ್ಷಗಳು ಕಳೆದುವು. ಆತನ ಅರಮನೆಯ ಮಣ್ಣಿನ ಗೋಡೆಗಳು ಕರಗಿ ಕೋಟೆಯ ಮೇಲಿನ ಬಯಲಾದರೂ ಹೆಸರು ಕರಗಲಿಲ್ಲ. ಹಂಪೆಯ ಬಂಡೆಗಳನ್ನು ತೊಳೆದು ಹರಿಯುವ ತುಂಗಭದ್ರೆಯ ನೀರೇ ಈಚಿನ ವರ್ಷಗಳಲ್ಲಿ ಏತದ ಕೊಳವೆಗಳನ್ನೇರಿ ಬಂದು ಈ ಕೆರೆಯನ್ನು ಸೇರುತ್ತಿರುವುದನ್ನು ಏರಿಯ ಮೇಲೆ ನಿಂತು ನೋಡಿದಾಗ, ನಾನಿಂದು ಹೇಳಬೇಕೆಂದಿರುವ ವಿಷಯವೂ ಅದೇ ಹೊಳೆಯ ದಂಡೆಯಿಂದ ಇಲ್ಲಿಗೆ ಬರತಕ್ಕದ್ದೆಂಬ ಭಾವನೆ ನನ್ನಲ್ಲಿ ಮೂಡಿತು.

ಕೆರೆ ಕಟ್ಟಿಸಿದವರ, ಕೋಟೆ ಕಟ್ಟಿಸಿದವರ, ದಂಡೆತ್ತಿ ಹೋದವರ ಹೆಸರುಗಳನ್ನು ನಾವು ಬಲ್ಲೆವು. ಅವರಿಗೆ ಬೆಳಗ್ಗೆ ನೀರು ಕಾಯಿಸಿದವರು ಯಾರು, ಮಧ್ಯಾಹ್ನ ಎಡೆ ಮಾಡಿದವರು ಯಾರು, ರಾತ್ರಿ ಅವರ ಮಲಗುವ ಮನೆಯ ಬಾಗಿಲಲ್ಲಿ ಎಚ್ಚರವಿದ್ದವರು ಯಾರು, ಅವರ ರಾಣಿಯರ ಒಡವೆಯ ಲೆಕ್ಕ ಬರೆದವರು ಯಾರು, ಎಂಬ ಪ್ರಶ್ನೆಯನ್ನು ನಮ್ಮ ಚರಿತ್ರೆಯ ಪಠ್ಯಪುಸ್ತಕಗಳು ಕೇಳಿದ್ದು ಕಡಿಮೆ. ಈ ಕೆಲಸಗಳನ್ನು ಮಾಡಿದವರು ಬಹುಮಟ್ಟಿಗೆ ಹೆಂಗಸರು. ಅವರ ಬದುಕೇ ಈ ಉಪನ್ಯಾಸದ ವಿಷಯ.

ಕನ್ನಡದಲ್ಲಿ ಇವರನ್ನು ಕರೆಯುವುದಕ್ಕೆ ಒಂದೇ ಪದವಿಲ್ಲ. ಕಾವ್ಯಗಳಲ್ಲಿ ಅವರು ಸಖಿಯರು, ಚಾಮರ ಬೀಸುವವರು, ಕನ್ನಡಿ ಹಿಡಿಯುವವರು, ಕಾಳಂಜಿ ಹಿಡಿಯುವವರು, ಅಡಪ ಹಿಡಿಯುವವರು. ಮನೆಮಾತಿನಲ್ಲಿ ಎಲ್ಲರೂ ಊಳಿಗದವರು. ಊಳಿಗವೆಂಬ ಮಾತು ಈಗ ನಮ್ಮ ಕಿವಿಗೆ ಕೀಳಾಗಿ ಕೇಳಿಸುತ್ತದೆ. ಆದರೆ ಹಳಗನ್ನಡದ ಕಾಲದಿಂದ ಅದು ಸೇವೆ, ಕಾರ್ಯ, ಅಧಿಕಾರ ಎಂಬ ಅರ್ಥಗಳನ್ನೆಲ್ಲ ಒಳಗೊಂಡು ಬಂದ ಗೌರವದ ಮಾತೇ ಆಗಿದ್ದಿತು. ಅರಮನೆಯ ಊಳಿಗದಲ್ಲಿದ್ದ ಹೆಂಗಸು ಬರಿಯ ಅಲಂಕಾರದ ಗೊಂಬೆಯಾಗಿರಲಿಲ್ಲ, ರಾಜ್ಯಯಂತ್ರದ ಒಳಭಾಗವನ್ನು ನಡೆಯಿಸಿದ ಕೆಲಸಗಾರಳಾಗಿದ್ದಳು ಎಂಬುದೇ ನಾನು ನಿಮ್ಮ ಮುಂದೆ ಸ್ಥಾಪಿಸಬೇಕೆಂದಿರುವ ಮಾತು.

ಹೋಲಿಕೆಗೆಂದು ಕ್ಷಣಕಾಲ ಇಂಗ್ಲೆಂಡಿನ ಕಡೆಗೆ ನೋಡೋಣ. ಹದಿನಾರನೆಯ ಶತಮಾನದಲ್ಲಿ ಅಲ್ಲಿಯ ರಾಣಿಯರ ಸನ್ನಿಧಿಯಲ್ಲಿದ್ದ ಸಖಿಯರು ಕುಲೀನ ಮನೆತನಗಳ ಹೆಣ್ಣುಮಕ್ಕಳು. ಅರಸಿಯ ಉಡುಗೆಯೊಡವೆಗಳನ್ನು ಕಾಯುವುದು, ಅವಳೊಡನೆ ಓದುವುದು, ಹೊಲಿಯುವುದು, ಕುಣಿಯುವುದು, ಅವಳ ಕಾಯಿಲೆಯಲ್ಲಿ ಶುಶ್ರೂಷೆ ಮಾಡುವುದು ಅವರ ಕೆಲಸ. ಒಂದನೆಯ ಎಲಿಜಬೆತ್ ರಾಣಿಗೆ 1562ರಲ್ಲಿ ಸಿಡುಬು ತಗಲಿದಾಗ ಹಗಲಿರುಳು ಆರೈಕೆ ಮಾಡಿದ ಮೇರಿ ಸಿಡ್ನಿ ತಾನೇ ಆ ರೋಗಕ್ಕೆ ತುತ್ತಾಗಿ ಮುಖವಿಕಾರವನ್ನು ಹೊತ್ತು ಬಾಳಿದಳು. ಬ್ಲಾಂಚ್ ಪ್ಯಾರಿ ಎಂಬಾಕೆ ಅದೇ ರಾಣಿಯನ್ನು ಅವಳ ತೊಟ್ಟಿಲ ದಿನಗಳಿಂದ ಸೇವಿಸಿ, ಅವಳ ಒಡವೆಗಳಿಗೂ ಪುಸ್ತಕಗಳಿಗೂ ಕಾವಲಾಗಿ 1590ರಲ್ಲಿ ತೀರಿಕೊಂಡಳು. ಎಲಿಜಬೆತ್ ಥ್ರಾಕ್‌ಮಾರ್ಟನ್ ಎಂಬ ಸಖಿ ರಾಣಿಯ ಅಪ್ಪಣೆಯಿಲ್ಲದೆ ವಾಲ್ಟರ್ ರ್‍ಯಾಲಿಯನ್ನು ಗುಟ್ಟಾಗಿ ಮದುವೆಯಾದ ತಪ್ಪಿಗೆ 1592ರಲ್ಲಿ ಲಂಡನ್ನಿನ ಕೋಟೆಯ ಸೆರೆಮನೆಯನ್ನು ಕಂಡಳು. ಅರಸಿಯ ಸಮೀಪದಲ್ಲಿರುವುದು ಭಾಗ್ಯವೂ ಹೌದು, ಅಪಾಯವೂ ಹೌದು. ಕ್ಯಾಥರೀನ್ ರಾಣಿಯ ಸಖಿಯಾಗಿದ್ದ ಆನ್ ಬೊಲಿನ್ ಆ ರಾಣಿಯ ಗಂಡನಾದ ಅರಸನ ಕೈಹಿಡಿದು ತಾನೇ ರಾಣಿಯಾಗಿ, 1536ರ ಮೇ 19ರಂದು ತಲೆದಂಡ ತೆತ್ತಳು. ಅವಳ ಸಖಿಯಾಗಿದ್ದ ಜೇನ್ ಸೇಮರ್ ಹನ್ನೊಂದನೆಯ ದಿನ ಅದೇ ಅರಸನ ಕೈಹಿಡಿದಳು.

ಅದೇ ವರ್ಷಗಳಲ್ಲಿ ತುಂಗಭದ್ರೆಯ ದಕ್ಷಿಣದ ದಡದಲ್ಲಿ ಲಂಡನ್ನಿಗಿಂತಲೂ ವೈಭವದ ಒಂದು ಪಟ್ಟಣವಿದ್ದಿತು, ಅದರ ಅರಮನೆಯಲ್ಲಿ ಸಾವಿರಾರು ಹೆಂಗಸರು ಊಳಿಗದಲ್ಲಿದ್ದರು. ವಿಜಯನಗರದ ಅಂತಃಪುರವನ್ನು ನಮಗೆ ವರ್ಣಿಸಿ ಕೊಟ್ಟವರು ಇಬ್ಬರು ಪರದೇಶಸ್ಥರು. ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸನು 1520ರ ಸುಮಾರಿಗೆ, ಕೃಷ್ಣದೇವರಾಯನ ಪ್ರತಾಪ ಉಚ್ಛ್ರಾಯದಲ್ಲಿದ್ದಾಗ, ಆ ಪಟ್ಟಣವನ್ನು ಕಂಡನು. ಕುದುರೆಯ ವ್ಯಾಪಾರಕ್ಕೆಂದು ಬಂದ ಫರ್ನಾವೊ ನೂನಿಜನು ಹದಿನೈದು ವರ್ಷಗಳ ತರುವಾಯ, ಅಚ್ಯುತರಾಯನ ಆಳ್ವಿಕೆಯಲ್ಲಿ, ತಾನು ಕಂಡದ್ದನ್ನೂ ಕೇಳಿದ್ದನ್ನೂ ಬರೆದಿಟ್ಟನು. ಪ್ಯಾರಿಸಿನ ಗ್ರಂಥಾಲಯದಲ್ಲಿದ್ದ ಈ ಬರೆಹಗಳು 1897ರಲ್ಲಿ ಅಚ್ಚಾದುವು, 1900ರಲ್ಲಿ ರಾಬರ್ಟ್ ಸೀವೆಲ್ಲನ ಮೂಲಕ ಇಂಗ್ಲಿಷಿಗೆ ಬಂದುವು. ಅಂತಃಪುರದ ಒಳಗಿನ ಅನೇಕ ಸಂಗತಿಗಳನ್ನು ಇವರು ಕೇಳಿಯೇ ತಿಳಿದರೆಂಬುದನ್ನು ನಾವು ಮರೆಯಬಾರದು. ಆದರೂ ಹೊರಗಿನವನ ಕಣ್ಣಿಗೆ ಒಂದು ಗುಣವುಂಟು: ಮನೆಯವನು ನಿತ್ಯದ ಸಂಗತಿಯೆಂದು ಬರೆಯದೆ ಬಿಟ್ಟುದನ್ನು ಅವನು ಬರೆಯುತ್ತಾನೆ. ನಮ್ಮ ಆಸ್ಥಾನಕವಿಗಳು ರಾಣಿಯ ಮುಖವನ್ನು ಚಂದ್ರನಿಗೆ ಹೋಲಿಸುತ್ತಿದ್ದಾಗ, ಈ ಪರದೇಶಸ್ಥರು ಅವಳ ಮನೆಯಲ್ಲಿ ಎಷ್ಟು ಮಂದಿ ಹೆಂಗಸರಿದ್ದಾರೆ, ಯಾರು ಯಾವ ಕೆಲಸ ಮಾಡುತ್ತಾರೆ ಎಂದು ವಿಚಾರಿಸುತ್ತಿದ್ದರು. ಅದಕ್ಕಾಗಿ ನಾನು ಅವರಿಗೆ ಕೃತಜ್ಞನು.

ಪಾಯೆಸ್ ಹೇಳುವಂತೆ ರಾಯನಿಗೆ ಹನ್ನೆರಡು ಮಂದಿ ಧರ್ಮಪತ್ನಿಯರು, ಅವರಲ್ಲಿ ಮೂವರು ಮುಖ್ಯರು. ಒಬ್ಬಳು ಗಜಪತಿ ಅರಸನ ಮಗಳು, ಇನ್ನೊಬ್ಬಳು ಶ್ರೀರಂಗಪಟ್ಟಣದ ಅರಸನ ಮಗಳು, ಮತ್ತೊಬ್ಬಳು ರಾಯನು ಯೌವನದಲ್ಲಿ ಒಲಿದು, ಪಟ್ಟವಾದ ಮೇಲೆ ಮಾತಿಗೆ ತಪ್ಪದೆ ಕೈಹಿಡಿದ ಗಣಿಕೆ. ಈ ಮೂವರಿಗೂ ಬೇರೆ ಬೇರೆ ಮನೆಗಳು. ಪ್ರತಿ ಮನೆಗೂ ಅರವತ್ತು ಮಂದಿ ಸಖಿಯರು. ಅವರಲ್ಲದೆ ಕಾವಲಿನವರು, ಬೋಯಿಯರು, ಮಡಿ ಮಾಡುವವರು, ಕುಸ್ತಿ ಹಿಡಿಯುವವರು, ಕತ್ತಿ ಗುರಾಣಿ ಬಲ್ಲವರು, ಕಹಳೆ ಕೊಳಲು ಊದುವವರು, ಎಲ್ಲರೂ ಹೆಂಗಸರೇ. ಒಳಬಾಗಿಲಿನಿಂದಾಚೆಗೆ ಷಂಡರನ್ನುಳಿದು ಗಂಡಸಿಗೆ ಪ್ರವೇಶವಿಲ್ಲ. ದೊರೆಗೆ ಹೊರಗೆ ಯಾವ ಯಾವ ಅಧಿಕಾರಿಗಳಿದ್ದರೋ ಅವರಿಗೆ ಸರಿಯಾದವರು ಒಳಗೂ ಇದ್ದರು. ಮೂವರು ರಾಣಿಯರಲ್ಲಿ ಅಸಮಾಧಾನ ಹುಟ್ಟದಿರಲೆಂದು ಒಬ್ಬಳಿಗಿದ್ದಷ್ಟೇ ಪರಿವಾರ, ಅಷ್ಟೇ ಒಡವೆ, ಅಷ್ಟೇ ಹಣ ಇನ್ನೊಬ್ಬಳಿಗೂ ಇರುವಂತೆ ಏರ್ಪಾಡಾಗಿದ್ದಿತು. ಒಟ್ಟು ಹೆಂಗಸರು ಹನ್ನೆರಡು ಸಾವಿರವೆಂದು ಪಾಯೆಸನು ಕೇಳಿದನು; ನೂನಿಜನ ಲೆಕ್ಕ ನಾಲ್ಕು ಸಾವಿರಕ್ಕೆ ಮೇಲ್ಪಟ್ಟುದು. ಎರಡನೆಯ ಲೆಕ್ಕವನ್ನೇ ಹಿಡಿದರೂ ಇದು ಒಂದು ದೊಡ್ಡ ಊರಿನ ಜನಸಂಖ್ಯೆ.

ಮಹಾನವಮಿಯ ಒಂಬತ್ತು ದಿನಗಳಲ್ಲಿ ಮಾತ್ರ ಈ ಊರು ಹೊರಗಿನವರ ಕಣ್ಣಿಗೆ ಬೀಳುತ್ತಿದ್ದಿತು. ಇಂದು ಹಂಪೆಯಲ್ಲಿ ಮಹಾನವಮಿ ದಿಬ್ಬವೆಂದು ನಾವು ಹತ್ತಿ ಇಳಿಯುವ ಆ ಕಲ್ಲಿನ ಜಗತಿಯ ಮುಂದೆ, ಸಂಜೆಯ ಹೊತ್ತು ಪಟ್ಟದ ಕುದುರೆಗಳನ್ನು ತಂದು ನಿಲ್ಲಿಸುತ್ತಿದ್ದರು. ಆಗ ಅರಮನೆಯ ಒಳಗಿನಿಂದ ಹದಿನಾರರಿಂದ ಇಪ್ಪತ್ತರ ಪ್ರಾಯದ ಸುಮಾರು ಅರವತ್ತು ಮಂದಿ ಸಖಿಯರು ಸಾಲಾಗಿ ಬರುತ್ತಿದ್ದರು, ಒಬ್ಬೊಬ್ಬ ರಾಣಿ ಒಂದೊಂದು ದಿನ ತನ್ನವರನ್ನು ಕಳುಹಿಸುವ ಕ್ರಮದಲ್ಲಿ. ಕೈಯಲ್ಲಿ ಚಿನ್ನದ ಕಲಶ, ಅದರಲ್ಲಿ ಉರಿಯುವ ದೀಪ. ತಲೆಯಿಂದ ಕಾಲಿನವರೆಗೆ ಮುತ್ತು, ಕೆಂಪು, ವಜ್ರ. ಅವರು ಕುದುರೆಗಳಿಗೆ ಮೂರು ಸುತ್ತು ಬಂದು ಮತ್ತೆ ಒಳಕ್ಕೆ ಹೋಗುತ್ತಿದ್ದರು. ಈ ವೈಭವದ ನಡುವೆ ಪಾಯೆಸನು ಗಮನಿಸಿದ ಒಂದು ಸಣ್ಣ ಸಂಗತಿ ನನ್ನ ಮನಸ್ಸಿನಲ್ಲಿ ನಾಟಿ ನಿಂತಿದೆ. ಮೈಮೇಲಿನ ಒಡವೆಯ ಭಾರವನ್ನು ತಾಳಲಾರದೆ ಆ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ನಡೆಯುವುದೇ ಕಷ್ಟವಾಗಿ, ಬೇರೆ ಹೆಂಗಸರು ಪಕ್ಕದಲ್ಲಿ ನಡೆಯುತ್ತ ಅವರ ತೋಳುಗಳನ್ನು ಎತ್ತಿ ಹಿಡಿದಿದ್ದರಂತೆ. ಆ ಚಿನ್ನ ಅವರದಲ್ಲ; ರಾಣಿಯದು, ರಾಯನದು, ರಾಜ್ಯದ್ದು. ಹದಿನಾರು ವರ್ಷದ ಹುಡುಗಿಯೊಬ್ಬಳು ಸಾಮ್ರಾಜ್ಯದ ಬೊಕ್ಕಸವನ್ನು ಮೈಮೇಲೆ ಹೊತ್ತು ಮೂರು ಸುತ್ತು ನಡೆಯಬೇಕಾಗಿದ್ದಿತು. ಅವಳ ತೋಳನ್ನು ಹಿಡಿದ ಇನ್ನೊಬ್ಬ ಹೆಂಗಸಿಗಾದರೋ ಮೈಮೇಲೆ ಯಾವ ಒಡವೆಯೂ ಇದ್ದಂತೆ ಪಾಯೆಸನು ಹೇಳುವುದಿಲ್ಲ. ಊಳಿಗದಲ್ಲಿಯೂ ಮೇಲುಕೀಳಿನ ಮೆಟ್ಟಿಲುಗಳಿದ್ದುವು.

ನೂನಿಜನು ಬರೆದುದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚಿನದೆಂದು ತೋರುವುದು ಬರೆಹಗಾರ್ತಿಯರ ವಿಷಯ. ಅರಮನೆಯ ಬಾಗಿಲುಗಳೊಳಗೆ ಆದ ಖರ್ಚುವೆಚ್ಚವನ್ನೆಲ್ಲ ಬರೆಯುವುದಕ್ಕೆ ಹೆಂಗಸರಿದ್ದರು. ಅದಲ್ಲದೆ ರಾಜ್ಯದ ವ್ಯವಹಾರಗಳನ್ನೆಲ್ಲ ಬರೆದಿಟ್ಟು, ತಮ್ಮ ಪುಸ್ತಕಗಳನ್ನು ಹೊರಗಿನ ಕರಣಿಕರ ಪುಸ್ತಕಗಳೊಡನೆ ಹೋಲಿಸಿ ನೋಡುವುದಕ್ಕೂ ಹೆಂಗಸರಿದ್ದರು. ಈ ವಾಕ್ಯವನ್ನು ನಿಧಾನವಾಗಿ ಯೋಚಿಸಿರಿ. ಒಂದೇ ಘಟನೆಗೆ ಎರಡು ಪುಸ್ತಕ; ಒಂದನ್ನು ಹೊರಗೆ ಗಂಡಸು ಬರೆದನು, ಇನ್ನೊಂದನ್ನು ಒಳಗೆ ಹೆಂಗಸು ಬರೆದಳು; ತಪ್ಪಿದ್ದರೆ ತಾಳೆ ನೋಡಿದಾಗ ಹೊರಬೀಳುತ್ತಿದ್ದಿತು. ಈಗಿನ ಭಾಷೆಯಲ್ಲಿ ಇದನ್ನು ಲೆಕ್ಕಪರಿಶೋಧನೆ ಎನ್ನುತ್ತೇವೆ. ಹೊರಗಿನ ಕರಣಿಕನು ಬರೆದದ್ದನ್ನು ಪರೀಕ್ಷಿಸುವ ಅಧಿಕಾರ ಯಾರ ಕೈಯಲ್ಲಿದ್ದಿತೋ ಅವಳನ್ನು ದಾಸಿಯೆಂದು ಕರೆದು ಮುಂದೆ ಹೋಗುವುದು ನ್ಯಾಯವೆ? ಅವಳಿಗೆ ಅಕ್ಷರ ಬರುತ್ತಿದ್ದಿತು, ಲೆಕ್ಕ ಬರುತ್ತಿದ್ದಿತು, ನಾಡಿನ ಸಮಾಚಾರ ತಿಳಿಯುತ್ತಿದ್ದಿತು. ಕೃಷ್ಣದೇವರಾಯನ ರಾಯಚೂರಿನ ಯುದ್ಧದ ವೆಚ್ಚವೆಷ್ಟಾಯಿತೆಂಬುದನ್ನು ಒಳಮನೆಯ ದೀಪದ ಬೆಳಕಿನಲ್ಲಿ ಬರೆದವಳು ಒಬ್ಬಳಿದ್ದಿರಬೇಕು. ಆ ಪುಸ್ತಕಗಳಲ್ಲಿ ಒಂದಾದರೂ ಉಳಿದಿದ್ದರೆ ವಿಜಯನಗರದ ಚರಿತ್ರೆಯನ್ನು ನಾವು ಬೇರೆ ರೀತಿಯಲ್ಲಿ ಓದುತ್ತಿದ್ದೆವೆಂದು ನಾನು ನಂಬಿದ್ದೇನೆ.

ಅರಮನೆಯ ಮನೆಗಳ ನಡುವೆ ದೂರ ಹೆಚ್ಚಾಗಿದ್ದುದರಿಂದ ರಾಣಿಯರನ್ನೂ, ಒಳಗೆ ಓಡಾಡುವಾಗ ರಾಯನನ್ನೂ, ಹೆಂಗಸರೇ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದರು. ರಾಯನ ಊಟದ ಹೊತ್ತಿಗೆ ಉಳಿದವರೆಲ್ಲ ಹೊರಗೆ ಸರಿದ ಮೇಲೆ ಅದಕ್ಕೆಂದೇ ನಿಯುಕ್ತರಾದ ಹೆಂಗಸರು ಬಂದು, ಮೂರು ಕಾಲಿನ ದುಂಡನೆಯ ಚಿನ್ನದ ಮಣೆಯನ್ನಿಟ್ಟು, ಚಿನ್ನದ ಪಾತ್ರೆಗಳಲ್ಲಿ ಬಡಿಸುತ್ತಿದ್ದರು. ಅಡಿಗೆಮನೆಯ ಬಾಗಿಲಿಗೆ ವಿಷದ ಭಯದಿಂದ ಕಾವಲಿದ್ದಿತು. ಒಳಗಿನ ವ್ಯಾಜ್ಯಗಳನ್ನು ತೀರ್ಮಾನಿಸುವ ನ್ಯಾಯಾಧಿಕಾರಿಗಳೂ, ರಾತ್ರಿಯೆಲ್ಲ ಅರಮನೆಯನ್ನು ಕಾಯುವ ಕಾವಲಿನವರೂ ಹೆಂಗಸರೇ ಎಂದು ನೂನಿಜನು ಹೇಳುತ್ತಾನೆ. ದುರ್ಗದ ಸೀಮೆಯವರಾದ ನಿಮಗೆ ಈ ಮಾತನ್ನು ನಂಬುವುದು ಕಷ್ಟವಾಗಲಾರದು. ಕಹಳೆಯ ಮುದ್ದಹನುಮನ ಹೆಂಡತಿ ಓಬವ್ವ ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಕಥೆಯನ್ನು ಇಲ್ಲಿಯ ಮಕ್ಕಳು ಮಾತು ಬರುವುದಕ್ಕೆ ಮುಂಚೆಯೇ ಕೇಳುತ್ತಾರೆ. ಆ ಕಥೆಯಲ್ಲಿ ಓಬವ್ವ ಊಟಕ್ಕೆ ಕುಳಿತ ಗಂಡನಿಗೆಂದು ನೀರು ತರಲು ಹೋದವಳು. ಕಾವಲಿನ ಕೆಲಸ ಅವಳದಲ್ಲ, ಗಂಡನದು. ಹೊತ್ತು ಬಂದಾಗ ಅವಳು ಅದನ್ನು ಕೈಗೆತ್ತಿಕೊಂಡಳು. ವಿಜಯನಗರದಲ್ಲಿಯಾದರೋ ಅದು ಹೆಂಗಸಿನ ನಿತ್ಯದ ಉದ್ಯೋಗವೇ ಆಗಿದ್ದಿತು.

ಅರಮನೆಯ ಹೆಣ್ಣುಮಕ್ಕಳು ನೃತ್ಯ ಕಲಿಯುತ್ತಿದ್ದ ಶಾಲೆಯನ್ನು ಪಾಯೆಸನು ಕಣ್ಣಾರೆ ನೋಡಿದನು. ಉದ್ದನೆಯ ಆ ಮಂಟಪದ ಸುತ್ತ ಚಿತ್ರಫಲಕಗಳಿದ್ದು, ಒಂದೊಂದರಲ್ಲಿಯೂ ಒಂದೊಂದು ನೃತ್ಯದ ಮುಕ್ತಾಯದ ಭಂಗಿಯನ್ನು ಕೆತ್ತಿದ್ದರು. ಕುಣಿಯುತ್ತಿರುವವಳು ಕೊನೆಯಲ್ಲಿ ಹೇಗೆ ನಿಲ್ಲಬೇಕೆಂಬುದನ್ನು ಮರೆತರೆ, ತಲೆಯೆತ್ತಿ ಆ ಫಲಕವನ್ನು ನೋಡಿದರಾಯಿತು. ಮೈಯನ್ನು ಬಾಗಿಸಿ ಹದಗೊಳಿಸುವುದಕ್ಕೆ ಕೈಗಳಿಂದ ಹಿಡಿದು ಜೋಲುವ ಒಂದು ಸ್ಥಳವನ್ನೂ ಮಂಟಪದ ತುದಿಯಲ್ಲಿ ಏರ್ಪಡಿಸಿದ್ದರು. ಪಾಠಕ್ರಮವಿದ್ದ, ಉಪಕರಣಗಳಿದ್ದ, ಮರೆವಿಗೆ ಮದ್ದನ್ನೂ ಯೋಚಿಸಿದ್ದ ವಿದ್ಯಾಲಯವದು. ದೇವಾಲಯದ ಸೇವೆಗೂ ಸೇರಿದ್ದ ನರ್ತಕಿಯರಿಗೆ ಭೂಮಿ, ಪಲ್ಲಕ್ಕಿ, ದಾಸಿಯರು ಇದ್ದರೆಂದೂ, ರಾಣಿಯರ ಸನ್ನಿಧಿಗೆ ಹೋಗಿ ಅವರ ಸಂಗಡ ಕುಳಿತು ವೀಳ್ಯ ಮೆಲ್ಲುವ ಹಕ್ಕು ಅವರಿಗಿದ್ದಿತೆಂದೂ, ಬೇರೆ ಯಾರು ಎಷ್ಟೇ ದೊಡ್ಡ ಮನುಷ್ಯರಾದರೂ ಅವರಿಗೆ ಆ ಹಕ್ಕಿರಲಿಲ್ಲವೆಂದೂ ಅವನು ಬರೆಯುತ್ತಾನೆ.

ಇಷ್ಟನ್ನು ಹೇಳಿ ಆ ಬದುಕು ಸುಖಮಯವಾಗಿದ್ದಿತೆಂದು ನಾನು ಹೇಳಿದಂತೆ ಯಾರೂ ಭಾವಿಸಬಾರದು. ಅಂತಃಪುರದ ಹೆಂಗಸರು ಹೊರಗೆ ಬರಬೇಕಾದರೆ ಮುಚ್ಚಿದ ಪಲ್ಲಕ್ಕಿ. ಸುತ್ತ ಮುನ್ನೂರು ನಾನೂರು ಷಂಡರು. ದಾರಿಯ ಜನರೆಲ್ಲ ದೂರ. ಅವರು ಲೋಕವನ್ನು ಕಾಣುತ್ತಿದ್ದುದು ಪರದೆಯ ಎಡೆಯಿಂದ. ಹುಟ್ಟಿದ ಮನೆ, ತಂಗಿ ತಮ್ಮಂದಿರು, ಊರ ಜಾತ್ರೆ, ಇವೆಲ್ಲ ಬಾಗಿಲಿನಾಚೆ ಉಳಿದುವು. ಅದಕ್ಕಿಂತ ಘೋರವಾದ ಸಂಗತಿಯೊಂದನ್ನು ನೂನಿಜನು ಬರೆದಿದ್ದಾನೆ: ದೊರೆಗೆ ಐನೂರು ಮಂದಿ ಪತ್ನಿಯರು, ಅವನು ಮಡಿದಾಗ ಅವರೆಲ್ಲರೂ ಚಿತೆಯೇರುವರು. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿದ್ದರೂ ಆಚಾರವಿದ್ದುದು ಸುಳ್ಳಲ್ಲ. ನಮ್ಮ ಹಳ್ಳಿಹಳ್ಳಿಗಳ ಮಾಸ್ತಿಕಲ್ಲುಗಳು ಅದಕ್ಕೆ ಸಾಕ್ಷಿ. ಕಲ್ಲಿನಲ್ಲಿ ಕೆತ್ತಿದ ಆ ಬಳೆ ತೊಟ್ಟ ತೋಳನ್ನು ಕಂಡಾಗಲೆಲ್ಲ, ಮಹಾನವಮಿಯ ಸಂಜೆ ಒಡವೆಯ ಭಾರಕ್ಕೆ ಸೋತು ಇನ್ನೊಬ್ಬರು ಎತ್ತಿ ಹಿಡಿದ ಆ ತೋಳು ನನಗೆ ನೆನಪಾಗುತ್ತದೆ.

ಈ ಸಾವಿರಾರು ಮಂದಿಯಲ್ಲಿ ಹೆಸರು ಉಳಿಸಿಕೊಂಡವರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬಳು ಓದುವ ತಿರುಮಲಾಂಬೆ. ಓದುವವಳೆಂಬ ವಿಶೇಷಣವೇ ಅವಳ ಉದ್ಯೋಗವನ್ನು ಹೇಳುತ್ತದೆ. ಅಚ್ಯುತರಾಯನ ಅರಮನೆಯಲ್ಲಿ ಓದಿ ಹೇಳುವುದು ಅವಳ ಊಳಿಗ. ರಾಯನ ದಾನವನ್ನು ಕೀರ್ತಿಸುವ ಶಾಸನಶ್ಲೋಕಗಳು ಅವಳ ಹೆಸರಿನಲ್ಲಿ ಕಲ್ಲಿನ ಮೇಲೆ ಉಳಿದಿವೆ. ಅಚ್ಯುತರಾಯನು ವರದಾಂಬಿಕೆಯ ಕೈಹಿಡಿದುದನ್ನು ವಸ್ತುವಾಗುಳ್ಳ ವರದಾಂಬಿಕಾ ಪರಿಣಯ ಚಂಪುವಿನ ಕರ್ತೃವೂ ತಿರುಮಲಾಂಬೆಯೇ. ಈ ಕಾವ್ಯದಲ್ಲಿ ತೊಂಡೈಮಂಡಲದ ವರ್ಣನೆಗೆಂದು ಅವಳು ಹೆಣೆದ ಒಂದು ಸಮಸ್ತಪದವನ್ನು, 195 ಅಕ್ಷರಗಳದು, ಸಾಹಿತ್ಯದಲ್ಲಿ ದೊರೆಯುವ ಅತ್ಯಂತ ದೀರ್ಘಪದವೆಂದು ಜಗತ್ತಿನ ದಾಖಲೆಗಳ ಪುಸ್ತಕದಲ್ಲಿ ಸೇರಿಸಿದ್ದಾರೆ. ದಾಖಲೆಯ ಮಾತು ಹಾಗಿರಲಿ. ಲಂಡನ್ನಿನಲ್ಲಿ ಆನ್ ಬೊಲಿನ್ ಸಖಿಯರ ನಡುವೆ ರಾಣಿಯಾಗಿ ಕುಳಿತಿದ್ದ ವರ್ಷಗಳಲ್ಲಿಯೇ ನಮ್ಮ ಹೊಳೆಯ ದಂಡೆಯಲ್ಲಿ ಒಬ್ಬಳು ಹೆಂಗಸು ಸಂಸ್ಕೃತ ಗದ್ಯಪದ್ಯಗಳೆರಡನ್ನೂ ಇಷ್ಟು ಅನಾಯಾಸವಾಗಿ ಬರೆಯಬಲ್ಲವಳಾಗಿದ್ದಳೆಂಬುದು ನಾವು ಹೆಮ್ಮೆಪಡತಕ್ಕ ವಿಷಯ.

1565ರಲ್ಲಿ ರಕ್ಕಸತಂಗಡಿಯ ಕಾಳಗ ನಡೆದು ಪಟ್ಟಣ ಹಾಳಾಯಿತು. ರಾಜಧಾನಿ ಪೆನುಗೊಂಡೆಗೆ ಹೋಯಿತು. ಮೂರು ವರ್ಷಗಳಲ್ಲಿ, 1568ರಲ್ಲಿ, ತಿಮ್ಮಣ್ಣ ನಾಯಕನಿಂದ ದುರ್ಗದ ನಾಯಕರ ಆಳ್ವಿಕೆ ಮೊದಲಾಯಿತು. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದು ಅಲ್ಲಿ ನವರಾತ್ರಿಯ ಉತ್ಸವವನ್ನು ನಡೆಯಿಸಿದರು. ಅರಮನೆಯ ಆಚಾರಗಳು ಹೀಗೆ ಹಂಪೆಯಿಂದ ಹೊರಟು ಹಲವು ಬಾಗಿಲುಗಳನ್ನು ಸೇರಿದುವು. ಅವುಗಳೊಡನೆ ವೀಳ್ಯದ ಸಂಚಿಯೂ ಹೋಯಿತು.

ಸಂಚಿಯೆಂದರೆ ಏನೆಂಬುದನ್ನು ಈ ಸಭೆಯಲ್ಲಿ ಕುಳಿತಿರುವ ಅಜ್ಜಿಯರಿಗೆ ನಾನು ಹೇಳಬೇಕಾಗಿಲ್ಲ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಕಾಯಿಗೊಂದು, ಕಾಸಿಗೊಂದು ಎಂದು ಪದರಪದರವಾಗಿ ಹೊಲಿದ ಬಟ್ಟೆಯ ಚೀಲ. ನಮ್ಮ ಅಜ್ಜಿ ಸೊಂಟಕ್ಕೆ ಸಿಕ್ಕಿಸಿದ ಸಂಚಿಯ ಹುರಿಯನ್ನು ಬಿಚ್ಚಿದಳೆಂದರೆ ಮಕ್ಕಳಾದ ನಾವು ಸುತ್ತ ಸೇರುತ್ತಿದ್ದೆವು. ಆ ಚೀಲದೊಳಕ್ಕೆ ಬೇರೆ ಯಾರ ಕೈಯೂ ಹೋಗಕೂಡದು. ಅರಮನೆಯಲ್ಲಿ ಆ ಚೀಲದ ಮಹತ್ತ್ವ ಇನ್ನೂ ಹೆಚ್ಚಿನದು. ದೊರೆಯು ದಂಡಿಗೆ ಕಳುಹಿಸುವಾಗ ವೀಳ್ಯ ಕೊಡುತ್ತಿದ್ದನು, ರಾಯಭಾರಿಯನ್ನು ಬೀಳ್ಕೊಡುವಾಗ ವೀಳ್ಯ ಕೊಡುತ್ತಿದ್ದನು. ಕೊಟ್ಟ ಮಾತಿಗೆ ಎಲೆಯೇ ಮುದ್ರೆ. ಇಂದಿಗೂ ನಮ್ಮಲ್ಲಿ ಹೆಣ್ಣುಗಂಡಿನ ಕಡೆಯವರು ಒಪ್ಪಿಕೊಂಡುದನ್ನು ವೀಳ್ಯಶಾಸ್ತ್ರವೆನ್ನುತ್ತೇವೆ. ದೊರೆಯ ಬಾಯಿಗೆ ಹೋಗುವ ಎಲೆಗೆ ಸುಣ್ಣ ಹಚ್ಚುವವರಲ್ಲಿ ಅಚಲವಾದ ನಂಬಿಕೆ ಇರಬೇಕಾಗಿದ್ದಿತು, ಮಂತ್ರಾಲೋಚನೆಯ ಹೊತ್ತಿನಲ್ಲಿಯೂ ಅವರು ಹತ್ತಿರದಲ್ಲಿಯೇ ಇರಬೇಕಾಗಿದ್ದಿತು. ಆದುದರಿಂದಲೇ ವೀಳ್ಯದ ಚೀಲ ಹಿಡಿಯುವ ಅಡಪದ ಹುದ್ದೆ ದೊಡ್ಡದಾಯಿತು. ರಾಯಚೂರಿನ ದಂಡಯಾತ್ರೆಯಲ್ಲಿ ಅಡಪನಾಯಕನೆಂಬ ಸೇನಾನಿಯನ್ನು ನೂನಿಜನು ಹೆಸರಿಸುತ್ತಾನೆ. ಕಲ್ಯಾಣದಲ್ಲಿ ಬಸವಣ್ಣನವರ ಬಳಿಯಿದ್ದ ಹಡಪದ ಅಪ್ಪಣ್ಣನ ಹೆಸರೂ ಇದೇ ಚೀಲದಿಂದ ಬಂದುದು. ಆತನ ಹೆಂಡತಿ ಲಿಂಗಮ್ಮ ವಚನಗಳನ್ನು ಬರೆದವಳು.

ಈ ಸಂಚಿಯನ್ನು ಹಿಡಿದು ಕನ್ನಡ ಸಾಹಿತ್ಯವನ್ನು ಪ್ರವೇಶಿಸಿದವಳು ಹೊನ್ನಮ್ಮ. ಅವಳ ಊರು ಯಳಂದೂರು. 1673ರಿಂದ 1704ರ ವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ಪಟ್ಟದರಸಿ ದೇವಾಜಮ್ಮಣ್ಣಿಯ ತವರೂ ಯಳಂದೂರೇ. ನಿಮ್ಮ ಊರಿಗೆ ಹೆಸರು ಕೊಟ್ಟ ಭರಮಣ್ಣ ನಾಯಕನ ಕಾಲವೂ ಹೊನ್ನಮ್ಮನ ಕಾಲವೂ ಒಂದರೊಡನೊಂದು ಕೂಡಿವೆ ಎಂಬುದನ್ನು ನೆನಪಿಡಿರಿ. ದುರ್ಗದ ಅರಮನೆಯಲ್ಲಿಯೂ ಆಗ ಅಂಥವಳೇ ಒಬ್ಬಳು ಎಲೆ ಮಡಿಸುತ್ತಿದ್ದಿರಬೇಕು. ಇಂಗ್ಲೆಂಡಿನ ಸಖಿಯರಂತೆ ಹೊನ್ನಮ್ಮ ಜಹಗೀರುದಾರರ ಮಗಳಲ್ಲ. ದುಡಿಯುವ ಮನೆಯಿಂದ ಬಂದವಳು. ದೊರೆಗೆ ವೀಳ್ಯವನ್ನು ಅಣಿಗೊಳಿಸುವುದು ಅವಳ ನಿತ್ಯದ ಕೆಲಸ. ಆ ಕೆಲಸ ಮಾಡುತ್ತ ಆಸ್ಥಾನದಲ್ಲಿ ನಡೆಯುವ ಕಾವ್ಯವಾಚನವನ್ನೂ ಶಾಸ್ತ್ರಚರ್ಚೆಯನ್ನೂ ಕಿವಿಗೆ ತುಂಬಿಕೊಂಡಳು. ತಿರುಮಲಾರ್ಯನಂತಹ ಮಂತ್ರಿಕವಿಗಳಿದ್ದ ಆಸ್ಥಾನವದು. ಶೃಂಗಾರಮ್ಮನೆಂಬ ಕವಯಿತ್ರಿ ಪದ್ಮಿನೀ ಕಲ್ಯಾಣವನ್ನು ಬರೆದ ಕಾಲವದು. ಅಳಸಿಂಗರಾರ್ಯರು ಹೊನ್ನಮ್ಮನಿಗೆ ಗುರುಗಳಾದರು, ಅವಳನ್ನು ಸಾಹಿತ್ಯದ ವರದೇವತೆಯೆಂದು ಬಾಯ್ತುಂಬ ಹೊಗಳಿದರು. ರಾಣಿಯ ಮಾತಿನಿಂದ ಪ್ರೇರಿತರಾಗಿ ದೊರೆ ಅವಳಿಗೆ ಕಾವ್ಯವೊಂದನ್ನು ರಚಿಸೆಂದು ಅಪ್ಪಣೆಕೊಟ್ಟರು. ಎಲೆಗೆ ಸುಣ್ಣ ಸವರಿದ ಕೈ ಕಂಟವನ್ನು ಹಿಡಿಯಿತು. ಹದಿಬದೆಯ ಧರ್ಮ ಹುಟ್ಟಿತು.

ಒಂಬತ್ತು ಸಂಧಿಗಳ ಆ ಕಾವ್ಯ ಸಾಂಗತ್ಯದಲ್ಲಿದೆ. ಹೆಂಗಸರು ಕೂಡಿ ಕುಳಿತು ಹಾಡಿಕೊಳ್ಳುವುದಕ್ಕೆ ಒಗ್ಗಿದ ಮಟ್ಟು ಅದು. ಪಂಡಿತರ ಚಂಪುವನ್ನು ಬಿಟ್ಟು ಅದನ್ನು ಆರಿಸಿಕೊಂಡುದರಲ್ಲಿಯೇ ಯಾರಿಗಾಗಿ ಬರೆಯುತ್ತಿದ್ದೇನೆಂಬ ಅವಳ ನಿಶ್ಚಯ ಕಾಣುತ್ತದೆ. ವಿಷಯ ಪತಿವ್ರತೆಯ ನಡೆವಳಿಕೆ. ಇಂದಿನ ಹೆಣ್ಣುಮಕ್ಕಳಿಗೆ ಅದರ ಉಪದೇಶದಲ್ಲಿ ಬಹುಭಾಗ ಒಪ್ಪಿಗೆಯಾಗಲಾರದು, ಆಗಬೇಕಾಗಿಯೂ ಇಲ್ಲ. ಗಂಡನ ಸೇವೆಯನ್ನೇ ಪರಮಾರ್ಥವೆಂದು ಸಾರುವ ಪದ್ಯಗಳನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಉಪದೇಶದ ನಡುವೆ ಹೊನ್ನಮ್ಮ ಒಂದು ಕಡೆ ತಲೆಯೆತ್ತಿ ನಿಲ್ಲುತ್ತಾಳೆ. ಹೆಣ್ಣೆಂದು ಹೀಗಳೆಯುವವರನ್ನು ನೇರವಾಗಿ ಕರೆದು, ನಿಮ್ಮನ್ನು ಹೆತ್ತವಳೂ ಸಾಕಿದವಳೂ ಹೆಣ್ಣಲ್ಲವೆ, ಇದು ಕಾಣದ ನಿಮ್ಮ ಕಣ್ಣು ಎಂಥದು ಎಂಬ ಅರ್ಥದಲ್ಲಿ ಕೇಳುತ್ತಾಳೆ. ಆ ದನಿ ಶಾಸ್ತ್ರಗ್ರಂಥಗಳಿಂದ ಬಂದುದಲ್ಲ. ವರ್ಷಗಟ್ಟಲೆ ಗಂಡಸರ ಸಭೆಯ ಬದಿಯಲ್ಲಿ ಸಂಚಿ ಹಿಡಿದು ನಿಂತು, ಅವರು ಹೆಂಗಸರ ವಿಷಯದಲ್ಲಿ ಆಡಿದ ಮಾತುಗಳನ್ನೆಲ್ಲ ಕೇಳಿ, ಒಂದಕ್ಕೂ ಉತ್ತರ ಕೊಡಲಾರದೆ ಇದ್ದವಳ ದನಿ ಅದು. ನನ್ನ ತೀರ್ಮಾನದಲ್ಲಿ ಆ ಪದ್ಯವೊಂದರಿಂದಲೇ ಅವಳು ಕನ್ನಡದ ದೊಡ್ಡ ಕವಿಗಳ ಸಾಲಿಗೆ ಸೇರಿದಳು.

ಅವಳು ಮಾಡಿದ ಇನ್ನೊಂದು ಉಪಕಾರವನ್ನೂ ಹೇಳಬೇಕು. ತನ್ನ ಊಳಿಗದ ಹೆಸರನ್ನು ಅವಳು ಮರೆಸಲಿಲ್ಲ. ಸಂಚಿಯ ಹೊನ್ನಮ್ಮನೆಂದೇ ಉಳಿದಳು. ಓದುವ ತಿರುಮಲಾಂಬೆ ಉಳಿದ ಹಾಗೆ, ಹಡಪದ ಅಪ್ಪಣ್ಣ ಉಳಿದ ಹಾಗೆ. ಕುಲದ ಹೆಸರಿನಿಂದಲೋ ಗಂಡನ ಹೆಸರಿನಿಂದಲೋ ಗುರುತಿಸಲ್ಪಡುತ್ತಿದ್ದ ಕಾಲದಲ್ಲಿ ಕೆಲಸದ ಹೆಸರಿನಿಂದ ಗುರುತಿಸಲ್ಪಟ್ಟ ಹೆಂಗಸರು ಹೊನ್ನಮ್ಮನೂ ತಿರುಮಲಾಂಬೆಯೂ.

ಈ ದುರ್ಗದ ಸೀಮೆಯಲ್ಲಿ ನಾಯಕರ ಕಾಲದಿಂದ ಶಾನುಭೋಗಿಕೆ, ಪಟೇಲಿಕೆ, ಊಳಿಗ ನಡೆಯಿಸಿ ಬಂದ ಮನೆಗಳು ಇನ್ನೂ ಇವೆ. ಅಟ್ಟದ ಮೇಲೆ, ಹಳೆಯ ಪೆಟ್ಟಿಗೆಗಳಲ್ಲಿ, ಬಟ್ಟೆಗೆ ಇದ್ದಿಲು ಹುಣಿಸೆಬೀಜದ ಸರಿ ಬಳಿದು ಮಡಿಸಿದ ಕಡತಗಳು ಧೂಳು ತಿನ್ನುತ್ತಿರುವುದನ್ನು ನಾನೇ ಕಂಡಿದ್ದೇನೆ. ಅವುಗಳನ್ನು ಹಳೆಯ ಬಟ್ಟೆಯೆಂದು ಎಸೆಯಬೇಡಿರಿ. ಓದಲು ಬಲ್ಲವರನ್ನು ಕರೆಯಿಸಿ ಬಿಡಿಸಿ ನೋಡಿರಿ. ಇಂತಿಷ್ಟು ಅಕ್ಕಿ, ಇಂತಿಷ್ಟು ಎಲೆ, ಇಂತಿಷ್ಟು ಸೀರೆ ಎಂಬ ಲೆಕ್ಕದ ನಡುವೆ ಎಲ್ಲಿಯಾದರೂ ಊಳಿಗದ ಹೆಂಗಸೊಬ್ಬಳ ಹೆಸರು ಸಿಕ್ಕೀತು. ಸಿಕ್ಕಿದರೆ ಅದನ್ನು ಬರೆದಿಟ್ಟುಕೊಳ್ಳಿರಿ, ನಿಮ್ಮ ಊರಿನ ಶಾಲೆಯ ಮಕ್ಕಳಿಗೆ ಓದಿ ಹೇಳಿರಿ.